ಸಮುದಾಯ ಭವನದ ಚಳಿ: ಹೀಟರ್ ಕೊಳ್ಳುವ ಮೊದಲು ಚಾವಣಿ ನೋಡೋಣ

ಭವನ ಸಮಿತಿ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಚಳಿಗಾಲದ ಸಂಜೆ ಭವನದಲ್ಲಿ ಕೂರಲು ಆಗುತ್ತಿಲ್ಲ, ವಯಸ್ಸಾದವರು ಸಭೆಗೆ ಬರುವುದನ್ನೇ ಬಿಡುತ್ತಿದ್ದಾರೆ. ದೊಡ್ಡ ಹೀಟರ್ ಹಾಕಿಸೋಣ ಎಂಬ ಸಲಹೆ ಬಂದಿದೆ. ಭವನ 15 ಮೀಟರ್ ಉದ್ದ, 10 ಅಗಲ, 4 ಎತ್ತರ. ಮೇಲೆ ಬರೀ ತಗಡು, ಗೋಡೆ ಇಟ್ಟಿಗೆಯದು, ಕಿಟಕಿ ಸುಮಾರು 20 ಚದರ ಮೀಟರ್. ಎಷ್ಟು ಕಿಲೋವ್ಯಾಟಿನದು ಬೇಕಾಗುತ್ತದೆ, ತಿಳಿದವರು ಹೇಳಿ.

ಮೇಲಿನ ಬೀದಿ, ಮನೆ 7:
ಸರ್, ಹೀಟರ್ ಮಾತು ಕೊನೆಗಿರಲಿ. ಹೊರಗಿಗಿಂತ ಒಳಗೆ 12 ಡಿಗ್ರಿ ಹೆಚ್ಚು ಬೇಕು ಅಂತ ಇಟ್ಟುಕೊಂಡರೆ, ಈಗಿನ ಸ್ಥಿತಿಯಲ್ಲಿ ತಗಡಿನ ಮೂಲಕವೇ ಸುಮಾರು 12 ಕಿಲೋವ್ಯಾಟ್ ಹೊರಗೆ ಹೋಗುತ್ತದೆ. ಗೋಡೆಯಿಂದ 4, ಕಿಟಕಿಯಿಂದ ಒಂದೂವರೆಗೆ ಹತ್ತಿರ. ಸಂದುಗಳಿಂದ ಗಂಟೆಗೆ ಎರಡು ಸಲ ಒಳಗಿನ ಗಾಳಿ ಪೂರ್ತಿ ಬದಲಾದರೆ ಇನ್ನೊಂದು ನಾಲ್ಕೂಮುಕ್ಕಾಲು. ಎಲ್ಲ ಸೇರಿ 22ರ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಾವಣಿಯದೇ!

ತಗಡಿನ ಕೆಳಗೆ 100 ಮಿಲಿಮೀಟರ್ ರಾಕ್ ವೂಲ್ (ಕಲ್ಲಿನ ನಾರಿನಿಂದ ಮಾಡಿದ, ಶಾಖ ತಡೆಯುವ ಹಾಸು) ಹಾಸಿದರೆ ಆ 12 ಕಿಲೋವ್ಯಾಟ್ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಇವತ್ತೇ 22 ಕಿಲೋವ್ಯಾಟಿನ ಯಂತ್ರ ತಂದರೆ, ನಾಳೆ ಚಾವಣಿ ಸರಿಮಾಡಿದ ಮೇಲೆ ಅದು ಎರಡು ಪಟ್ಟು ದೊಡ್ಡದಾಗಿ ಕೂರುತ್ತದೆ. ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ, ಎಸಿಯಂಥ ಯಂತ್ರ) ಆದರಂತೂ ಪದೇ ಪದೇ ಆನ್ ಆಫ್ ಆಗಿ ಕಂಪ್ರೆಸರ್ ಬೇಗ ಸವೆಯುತ್ತದೆ.

ಕೆರೆ ಬೀದಿ, ಮನೆ 3:
ಚಾವಣಿ ಮೊದಲು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಆ ಕೆಲಸ ಕೆಡುವುದು ಹಾಸುವ ಕ್ರಮದಲ್ಲಿ. ಒಳಗಿನ ಬೆಚ್ಚಗಿನ ಗಾಳಿಯಲ್ಲಿ ಜನರ ಉಸಿರಿನ ತೇವ ಇರುತ್ತದೆ. ಅದು ವೂಲ್ ದಾಟಿ ತಣ್ಣಗಿನ ತಗಡಿಗೆ ಮುಟ್ಟಿದರೆ ನೀರಾಗಿ ತೊಟ್ಟಿಕ್ಕುತ್ತದೆ. ಆಮೇಲೆ ಚಾವಣಿ ಸೋರುತ್ತಿದೆ ಅಂತ ಮೇಲೆ ಹತ್ತಿ ಎಷ್ಟು ಟಾರ್ ಬಳಿದರೂ ನಿಲ್ಲುವುದಿಲ್ಲ.

ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಹೀಗೆ ಬರಬೇಕು: ಸೀಲಿಂಗ್ ಬೋರ್ಡು, ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಅದರ ಮೇಲೆ ವೂಲ್, ವೂಲಿಗೂ ತಗಡಿಗೂ ನಡುವೆ ಕನಿಷ್ಠ 50 ಮಿಲಿಮೀಟರ್ ಗಾಳಿ ಆಡುವ ಜಾಗ. ಹಾಳೆಯ ಅಂಚುಗಳು 150 ಮಿಲಿಮೀಟರ್ ಒಂದರ ಮೇಲೊಂದು ಬರಲಿ, ಟೇಪ್ ಹಾಕಿ ಮುಚ್ಚಿ. ಫ್ಯಾನಿನ ಕೊಕ್ಕೆ, ವೈರ್ ಹಾದುಹೋಗುವ ತೂತು, ಇವೇ ತೇವ ನುಸುಳುವ ಜಾಗಗಳು. ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಿ ಮುಚ್ಚಬೇಕು. ವೂಲನ್ನು ಒತ್ತಿ ತುರುಕಬೇಡಿ. 100 ಮಿಲಿಮೀಟರಿನದು 50ಕ್ಕೆ ಅಮುಕಿದರೆ ಶಾಖ ತಡೆಯುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಕರೆಂಟಿನ ವೈರ್ ವೂಲಿನೊಳಗೆ ಹೂತುಹೋದರೆ ಬಿಸಿಯಾಗುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ ಪೈಪಿನಲ್ಲಿ ಒಯ್ಯಲಿ. ಹಾಸುವವರಿಗೆ ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು.

ಶಾಲೆ ಬೀದಿ, ಮನೆ 12:
ಸಂದು ಹುಡುಕುವ ಕೆಲಸಕ್ಕೆ ನಾನು ಬರುತ್ತೇನೆ. ಗಾಳಿಯಿಲ್ಲದ ಸಂಜೆ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡಿಸಬೇಕು. ಒಲೆ ಆರಿರಲಿ. ಆಗ ಹೊರಗಿನ ಗಾಳಿ ಸಿಕ್ಕ ಸಿಕ್ಕ ಸಂದಿನಿಂದ ಒಳಗೆ ನುಗ್ಗುತ್ತದೆ. ಊದುಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಆಡಿಸಿ, ಹೊಗೆ ಬಾಗಿದ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಾ ಹೋಗುವುದು. ಬಾಗಿಲಿನ ಬುಡಕ್ಕೆ ಬ್ರಷ್ ಪಟ್ಟಿ, ಕಿಟಕಿಗೆ ರಬ್ಬರ್ ಬೀಡಿಂಗ್, ಗೋಡೆ ಮತ್ತು ಚೌಕಟ್ಟಿನ ಬಿರುಕಿಗೆ ಸೀಲಂಟ್. ಗೋಡೆ ಮೇಲೆ ತಗಡು ಕೂರುವ ಜಾಗದಲ್ಲಿ ತಗಡಿನ ಅಲೆಯ ಕೆಳಗೆ ಉಳಿಯುವ ಕಂಡಿಗಳನ್ನು ಮರೆಯಬೇಡಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದಲೇ ಹೋಗುತ್ತದೆ. ಆದರೆ ಸೀಲಿಂಗಿನ ಮೇಲೆ ಗಾಳಿ ಆಡಲು ಅವೇ ಬೇಕು, ಹಾಗಾಗಿ ಅವನ್ನು ಮುಚ್ಚದೆ, ಬಿಸಿ ಗಾಳಿಗೆ ತಡೆ ಸೀಲಿಂಗ್ ಮಟ್ಟದಲ್ಲಿರಲಿ.

ಸಿಲಿಂಡರ್ ಇಡುವ ಕೋಣೆಯ ಕೆಳಗಿನ ಜಾಲರಿಯನ್ನು ಮಾತ್ರ ಯಾರೂ ಮುಚ್ಚಕೂಡದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ.

ಕೆಳಗಿನ ಬೀದಿ, ಮನೆ 21:
ಚಾವಣಿ ಮುಗಿಯುವವರೆಗೆ ಈ ಚಳಿಗೆ ಎರಡು ಗ್ಯಾಸ್ ಹೀಟರ್ ಇಟ್ಟುಕೊಂಡರೆ ಆಗದೇ?

ಶಾಲೆ ಬೀದಿ, ಮನೆ 12:
ದಯವಿಟ್ಟು ಬೇಡ. ಹೊಗೆಕೊಳವೆ ಇಲ್ಲದ ಗ್ಯಾಸ್ ಹೀಟರ್ ಒಂದು ಕಿಲೋ ಎಲ್‌ಪಿಜಿ ಉರಿಸಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಒಳಗೇ ಸೇರುತ್ತದೆ. ಗೋಡೆಗೆ ಬೂಷ್ಟು ಖಾತ್ರಿ. ಅದಕ್ಕಿಂತ ದೊಡ್ಡ ಭಯ ಇಂಗಾಲದ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇದ್ದಿಲ ಅಗ್ಗಿಷ್ಟಿಕೆಗೂ ಇದೇ ಮಾತು, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ.

ಮೇಲಿನ ಬೀದಿ, ಮನೆ 7:
ಸಂದು ಮುಚ್ಚಿದ ಮೇಲೆ ಉಸಿರಾಡುವ ಗಾಳಿಯ ಬಗ್ಗೆಯೂ ಯೋಚಿಸಬೇಕು. ಒಬ್ಬರಿಗೆ ಸೆಕೆಂಡಿಗೆ 8 ಲೀಟರ್ ಹೊಸ ಗಾಳಿ ಅಂತ ಹಿಡಿದರೆ, 80 ಜನ ಸೇರಿದಾಗ ಗಂಟೆಗೆ 2,300 ಘನ ಮೀಟರ್ ಬೇಕು. ಅದನ್ನು ಬಿಸಿ ಮಾಡಲು 9 ಕಿಲೋವ್ಯಾಟ್. ಸಮಾಧಾನ ಏನೆಂದರೆ ಕೂತ ಮನುಷ್ಯ ತಾನೇ ಸುಮಾರು 70 ವ್ಯಾಟ್ ಶಾಖ ಕೊಡುತ್ತಾನೆ, 80 ಜನರಿಂದ ಐದೂವರೆ ಕಿಲೋವ್ಯಾಟ್. ಗೋಡೆಗೊಂದು ಇಂಗಾಲದ ಡೈಆಕ್ಸೈಡ್ ಮೀಟರ್ ಹಾಕಿ, 1,000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ದಾಟಿದರೆ ಮೇಲಿನ ಕಿಟಕಿ ತೆರೆಯುವ ರೂಢಿ ಮಾಡೋಣ.

ಹಳೇ ಬೀದಿ, ಮನೆ 5:
ಯಂತ್ರದ ಆಯ್ಕೆ ಭವನ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದರ ಮೇಲೆ ನಿಂತಿದೆ. ದಿನವೂ ತರಗತಿ, ಸಭೆ ನಡೆಯುತ್ತಿದ್ದರೆ ಹೀಟ್ ಪಂಪ್ ಸರಿ, ಹದವಾದ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಹತ್ತಿರ ಶಾಖ ಸಿಗುತ್ತದೆ. ಹೊರಗೆ ಮಂಜುಗಟ್ಟುವ ಚಳಿ ಬಂದರೆ ಹೊರಗಿನ ಕಾಯಿಲ್ ಮೇಲೆ ಹಿಮ ಕೂತು, ಅದನ್ನು ಕರಗಿಸಲು ಆಗಾಗ ನಿಲ್ಲುತ್ತದೆ. ಕರಗಿದ ನೀರು ಹರಿದುಹೋಗಲು ಇಳಿಜಾರು, ನೆಲದಿಂದ ಎತ್ತರದ ಸ್ಟ್ಯಾಂಡ್ ಬೇಕು. ವಾರಕ್ಕೆ ಒಂದೆರಡು ಸಂಜೆ ಮಾತ್ರವಾದರೆ 600 ಘನ ಮೀಟರ್ ಗಾಳಿ ಕಾಯಿಸುವುದೇ ದಂಡ. ಇನ್‌ಫ್ರಾರೆಡ್ ಪ್ಯಾನಲ್ ಹಾಕಿ ಕೂತವರನ್ನೇ ಬೆಚ್ಚಗಿಡಬಹುದು. ಕೂತ ಕಡೆಯ ಪ್ಯಾನಲ್ ಮಾತ್ರ ಹಚ್ಚುವಂತೆ ಸ್ವಿಚ್ ಬೇರೆ ಬೇರೆ ಇರಲಿ, ಟೈಮರ್ ಜೊತೆಗೆ.

ವೈರಿಂಗ್ ಲೆಕ್ಕ: 12 ಕಿಲೋವ್ಯಾಟ್ ಪ್ಯಾನಲ್ ಸಿಂಗಲ್ ಫೇಸಿನಲ್ಲಿ 52 ಆಂಪಿಯರ್ ಎಳೆಯುತ್ತದೆ. ತ್ರೀ ಫೇಸ್ ಮಾಡಿ, ಫೇಸಿಗೆ ಎರಡರಂತೆ ಆರು ಲೈನ್, ಲೈನಿಗೆ 2 ಕಿಲೋವ್ಯಾಟ್, 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಎರಡೂವರೆ ಚದರ ಮಿಲಿಮೀಟರ್ ತಾಮ್ರದ ವೈರ್. ಮಂಜೂರಾದ ಲೋಡ್ ಎಷ್ಟಿದೆ ಅಂತ ಮೊದಲು ಬಿಲ್ಲಿನಲ್ಲಿ ನೋಡಿ.

ಕೆಳಗಿನ ಬೀದಿ, ಮನೆ 21:
ಸೋಲಾರ್ ಹಾಕಿಸಿದರೆ ಬಿಲ್ಲಿನ ಚಿಂತೆಯೇ ಇರುವುದಿಲ್ಲವಲ್ಲ?

ಹಳೇ ಬೀದಿ, ಮನೆ 5:
ಸೋಲಾರ್ ಹೆಚ್ಚು ಕೊಡುವುದು ಮಧ್ಯಾಹ್ನ, ನಮಗೆ ಶಾಖ ಬೇಕಿರುವುದು ಸಂಜೆ, ಅದೂ ಬಿಸಿಲು ಕಡಿಮೆಯಿರುವ ತಿಂಗಳುಗಳಲ್ಲಿ. ಗ್ರಿಡ್ಡಿಗೆ ಕೊಟ್ಟು ಲೆಕ್ಕದಲ್ಲಿ ವಾಪಸ್ ಪಡೆಯುವ ವ್ಯವಸ್ಥೆ ಇದ್ದರೆ ಉಪಯೋಗ ಖಂಡಿತ. ಆದರೂ ಚಾವಣಿ ಕೆಲಸ ಮುಗಿದು, ಮರದ ತೊಲೆ ಭಾರ ತಡೆಯುತ್ತದೆಯೇ ಅಂತ ನೋಡಿದ ಮೇಲೆ.

ಭವನ ಸಮಿತಿ ಕಾರ್ಯದರ್ಶಿ:
ಸರಿ, ಹೀಟರಿನ ಕೊಟೇಶನ್ ಸದ್ಯಕ್ಕೆ ತಡೆಹಿಡಿಯುತ್ತೇನೆ. ಭಾನುವಾರ ಸಂಜೆ ಸಂದು ಹುಡುಕುವ ಕೆಲಸ. ಶಾಲೆ ಬೀದಿಯವರು ಮುಂದಾಳತ್ವ ವಹಿಸಲಿ, ಇನ್ನೂ ಮೂವರು ಬೇಕು, ಏಣಿ ಭವನದಲ್ಲಿದೆ. ತೊಲೆ ಮತ್ತು ಸೀಲಿಂಗ್ ಅಳತೆ ಕೆರೆ ಬೀದಿಯವರದು. ಭವನದ ಬುಕಿಂಗ್ ಪುಸ್ತಕದಿಂದ ವಾರಕ್ಕೆ ಎಷ್ಟು ಗಂಟೆ ಬಳಕೆ ಅಂತ ನಾನು ಪಟ್ಟಿ ಮಾಡುತ್ತೇನೆ. ಬೀಗ ಹಾಕುವವರು ಇಂದಿನಿಂದ ರಾತ್ರಿ ಮುಚ್ಚುವಾಗಲೂ ಬೆಳಿಗ್ಗೆ ತೆರೆಯುವಾಗಲೂ ಮೀಟರ್ ಫೋಟೋ ಇಲ್ಲೇ ಹಾಕಿ. ಯಾರೂ ಇಲ್ಲದಾಗ ಗೀಸರ್, ಫ್ರಿಜ್ ಎಷ್ಟು ಯೂನಿಟ್ ತಿನ್ನುತ್ತಿವೆ ಅನ್ನುವುದೂ ಗೊತ್ತಾಗಲಿ.