ಜೆರಾಕ್ಸ್ ಅಂಗಡಿ ಕಂಪ್ಯೂಟರ್: ಒಬ್ಬರ ಲಾಗಿನ್ ಇನ್ನೊಬ್ಬರ ಕಣ್ಣಿಗೆ ಬೀಳದ ಹಾಗೆ ಕ್ರೋಮ್ ಹೇಗೆ ಇಡೋದು?

ಎಂಟನೇ_ಕ್ರಾಸ್:
ಮಲ್ಲೇಶ್ವರದಲ್ಲಿ ಜೆರಾಕ್ಸ್ ಅಂಗಡಿ. ಗಿರಾಕಿಗಳು ಕೂರೋಕೆ ವಿಂಡೋಸ್ 11 ಇರುವ ಒಂದು ಕಂಪ್ಯೂಟರ್ ಇದೆ. ಬೆಸ್ಕಾಂ ಬಿಲ್, ಪಾಸ್‌ಪೋರ್ಟ್ ಅರ್ಜಿ, ಮಾರ್ಕ್ಸ್ ಕಾರ್ಡ್ ಪ್ರಿಂಟ್, ಇಂಥವೇ ಕೆಲಸ. ತೊಂದರೆ ಮೂರು. ಯಾರೋ ಜಿಮೇಲ್ ಹಾಗೇ ಬಿಟ್ಟು ಎದ್ದು ಹೋದರೆ ಮುಂದಿನವರಿಗೆ ಅದೇ ತೆರೆದುಕೊಳ್ಳುತ್ತೆ, ಕ್ರೋಮ್ ಮುಚ್ಚಿ ತೆಗೆದರೂ ಹೋಗಲ್ಲ. ಪರದೆಯ ಮೂಲೆಯಲ್ಲಿ ‘ವೈರಸ್ ಬಂದಿದೆ’ ಅಂತ ಸಾಲುಸಾಲು ನೋಟಿಫಿಕೇಶನ್. ಇನ್‌ಕಾಗ್ನಿಟೋದಲ್ಲಿ (ಹಿಸ್ಟರಿ ಉಳಿಸದ ಖಾಸಗಿ ವಿಂಡೋ) ಕೂರಿಸಿದರೆ ಕೆಲವು ಪೇಮೆಂಟ್ ಪುಟ ಗಿರಗಿರ ಸುತ್ತುತ್ತಲೇ ಇರುತ್ತೆ. ಯಾವುದನ್ನ ಎಲ್ಲಿ ಬದಲಿಸಬೇಕು?

ಕುಕಿ_ಶಾಸ್ತ್ರಿ:
ಸರ್, ಗಿರಾಕಿಗಳಿಗೆ ಇನ್‌ಕಾಗ್ನಿಟೋ ಬೇಡ, ಗೆಸ್ಟ್ ಕೊಡಿ. ಎರಡೂ ಒಂದೇ ಅಂದುಕೊಳ್ಳೋರೇ ಜಾಸ್ತಿ. ಇನ್‌ಕಾಗ್ನಿಟೋ ನಿಮ್ಮ ಪ್ರೊಫೈಲ್ ಮೇಲೇ ಕೂತಿರುತ್ತೆ: ನಿಮ್ಮ ಬುಕ್‌ಮಾರ್ಕ್ ಕಾಣುತ್ತೆ, ಪಕ್ಕದಲ್ಲೇ ಮಾಮೂಲಿ ವಿಂಡೋ ತೆರೆದರೆ ನಿಮ್ಮ ಅಕೌಂಟೇ ಸಿಗುತ್ತೆ. ಗೆಸ್ಟ್‌ನಲ್ಲಿ ನಿಮ್ಮದು ಏನೂ ಇರಲ್ಲ. ಮೇಲೆ ಬಲಗಡೆ ಪ್ರೊಫೈಲ್ ಚಿತ್ರ ಒತ್ತಿ, ಪಟ್ಟಿಯ ಕೊನೆಯ ಕಡೆ ಗೆಸ್ಟ್ ಅಂತ ಇದೆ. ಒಂದು ನೆನಪಿಡಿ: ಟ್ಯಾಬ್ ಮುಚ್ಚಿದರೆ ಸಾಲದು, ಗೆಸ್ಟ್ ವಿಂಡೋ ಎಷ್ಟು ತೆರೆದಿವೆಯೋ ಅಷ್ಟನ್ನೂ ಮುಚ್ಚಬೇಕು. ಕೆಳಗೆ ಮಿನಿಮೈಸ್ ಆಗಿ ಒಂದು ಉಳಿದರೂ ಹಿಂದಿನವರ ಲಾಗಿನ್ ಜೀವಂತ.

ಕ್ರೋಮ್ ಮುಚ್ಚಿದರೂ ಜಿಮೇಲ್ ಹೋಗದಿರೋದು ದೋಷವಲ್ಲ. ಕುಕಿ ಅಂದರೆ ನಿಮ್ಮ ಲಾಗಿನ್ ನೆನಪಿಡೋಕೆ ತಾಣ ಬ್ರೌಸರ್‌ನಲ್ಲಿ ಇಡೋ ಪುಟ್ಟ ಗುರುತು. ಮುಗಿಯುವ ದಿನಾಂಕ ಹೊತ್ತ ಕುಕಿ ಡಿಸ್ಕ್‌ನಲ್ಲೇ ಇರುತ್ತೆ. ಕ್ರೋಮ್ ಅದಕ್ಕೆ ಗರಿಷ್ಠ 400 ದಿನ ಆಯುಸ್ಸು ಕೊಡುತ್ತೆ. ಅಂಥ ದಿನಾಂಕವಿಲ್ಲದ ಸೆಷನ್ ಕುಕಿ ಬ್ರೌಸರ್ ಮುಚ್ಚಿದಾಗ ಸಾಯಬೇಕು. ಆದರೆ ಸೆಟ್ಟಿಂಗ್ಸ್‌ನ ‘ಆನ್ ಸ್ಟಾರ್ಟಪ್’ನಲ್ಲಿ ‘ಕಂಟಿನ್ಯೂ ವೇರ್ ಯು ಲೆಫ್ಟ್ ಆಫ್’ ಆರಿಸಿದ್ದರೆ ಹಳೇ ಟ್ಯಾಬ್ ಜೊತೆ ಅದೂ ಎದ್ದು ಬರುತ್ತೆ. ಅದನ್ನ ‘ನ್ಯೂ ಟ್ಯಾಬ್’ಗೆ ಬದಲಿಸಿ.

ವೈರಸ್ ನೋಟಿಫಿಕೇಶನ್ ವೈರಸ್ಸಿನದಲ್ಲ. ಯಾರೋ ಯಾವುದೋ ತಾಣದಲ್ಲಿ ‘ಅಲೋ’ ಒತ್ತಿದ್ದಾರೆ, ಅಷ್ಟೇ. ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಪಡೆದ ತಾಣಗಳನ್ನೆಲ್ಲ ತೆಗೆದು, ಇನ್ನು ಮುಂದೆ ಯಾವ ತಾಣವೂ ಕಳಿಸಬಾರದು ಅನ್ನೋ ಆಯ್ಕೆ ಇಡಿ.

ಪೇಮೆಂಟ್ ವಿಷಯ: ಇನ್‌ಕಾಗ್ನಿಟೋ ಥರ್ಡ್ ಪಾರ್ಟಿ ಕುಕಿಗಳನ್ನ, ಅಂದರೆ ತೆರೆದ ತಾಣದ್ದಲ್ಲದೆ ಅದರೊಳಗಿನ ಬೇರೆ ತಾಣದ ಕುಕಿಗಳನ್ನ, ತಾನಾಗೇ ತಡೆಯುತ್ತೆ. ಬಿಲ್ ಪುಟದ ಒಳಗೇ ಬೇರೆ ವಿಳಾಸದ ಓಟಿಪಿ ಪೆಟ್ಟಿಗೆ ತೆರೆದಾಗ ಅದರ ಕುಕಿ ತಲುಪದೆ ಪುಟ ಸುತ್ತುತ್ತಿರಬಹುದು. ಆ ತಾಣಕ್ಕೆ ಮಾತ್ರ ವಿನಾಯಿತಿ ಕೊಡಿ. ಎಲ್ಲಕ್ಕೂ ಬಾಗಿಲು ತೆರೆಯೋದು ಬೇಡ.

ನರಿಬಾಲ:
ಫೈರ್‌ಫಾಕ್ಸ್ ಹಾಕಿದರೆ ಇನ್ನೂ ಸುಲಭ. ಪ್ರೈವೆಸಿ ವಿಭಾಗದ ‘ಹಿಸ್ಟರಿ’ಯಲ್ಲಿ ಕಸ್ಟಮ್ ಸೆಟ್ಟಿಂಗ್ಸ್ ಆರಿಸಿ, ‘ಆಲ್ವೇಸ್ ಯೂಸ್ ಪ್ರೈವೇಟ್ ಬ್ರೌಸಿಂಗ್ ಮೋಡ್’ ಟಿಕ್ ಮಾಡಿ. ತೆರೆದಾಗಲೆಲ್ಲ ಅದೇ ಮೋಡ್, ಗಿರಾಕಿಗೆ ಹೇಳಿಕೊಡೋ ತಾಪತ್ರಯವೇ ಇಲ್ಲ. ಟ್ರ್ಯಾಕಿಂಗ್ ತಡೆಯನ್ನ ‘ಸ್ಟ್ರಿಕ್ಟ್’ಗೆ ಏರಿಸಬೇಡಿ, ಅಂಗಡಿಗೆ ‘ಸ್ಟ್ಯಾಂಡರ್ಡ್’ ಸಾಕು. 2022ರಿಂದ ಪ್ರತಿ ತಾಣದ ಕುಕಿಗೂ ಬೇರೆ ಬೇರೆ ಡಬ್ಬಿ ಇಡೋ ವ್ಯವಸ್ಥೆ ಅದರಲ್ಲೇ ಇದೆ. ಕೆಲಸ ಮುಗಿದ ಮೇಲೆ ಫೈರ್‌ಫಾಕ್ಸನ್ನ ಮಾತ್ರ ಇಲ್ಲೂ ಪೂರ್ತಿ ಮುಚ್ಚಲೇಬೇಕು.

ಎಂಟನೇ_ಕ್ರಾಸ್:
ಗೆಸ್ಟ್ ಹಾಕಿದೆ, ಜಿಮೇಲ್ ಕಾಟ ಹೋಯ್ತು. ಆದರೆ ಕನ್ನಡ ಟೈಪಿಂಗ್ ಎಕ್ಸ್‌ಟೆನ್ಶನ್ ಮಾಯ.

ಕುಕಿ_ಶಾಸ್ತ್ರಿ:
ಗೆಸ್ಟ್‌ನಲ್ಲಿ ಯಾವ ಎಕ್ಸ್‌ಟೆನ್ಶನ್ನೂ ಓಡಲ್ಲ. ವಿಂಡೋಸ್‌ನ ಭಾಷೆ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿ, ಇಲ್ಲವೇ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ ಯೂನಿಕೋಡ್‌ನಲ್ಲಿ ಇಟ್ಟುಕೊಳ್ಳಿ. ಅವು ಬ್ರೌಸರ್‌ನ ಹಂಗಿನಲ್ಲಿಲ್ಲ.

ರಿಜಿಸ್ಟರ್_ಮೇಷ್ಟ್ರು:
ಎಲ್ಲರೂ ಕುಕಿ ಹಿಂದೆ ಬಿದ್ದಿದ್ದೀರಿ, ಡೌನ್‌ಲೋಡ್ಸ್ ಫೋಲ್ಡರ್ ಯಾರಿಗೂ ನೆನಪಾಗಿಲ್ಲ! ಗೆಸ್ಟ್ ಇರಲಿ, ಪ್ರೈವೇಟ್ ಇರಲಿ, ಇಳಿಸಿದ ಫೈಲ್ ಅಲ್ಲೇ ಉಳಿಯುತ್ತೆ. ಯಾರದೋ ಆಧಾರ್, ಯಾರದೋ ಬ್ಯಾಂಕ್ ಸ್ಟೇಟ್‌ಮೆಂಟ್, ತಿಂಗಳುಗಟ್ಟಲೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ‘ಸ್ಟೋರೇಜ್ ಸೆನ್ಸ್’ ಆನ್ ಮಾಡಿ, ಡೌನ್‌ಲೋಡ್ಸ್‌ಗೆ 1 ದಿನ ಅಂತ ಇಡಿ.

ಇನ್ನೊಂದು ಮಾತು. ಗಿರಾಕಿ ತಾನೇ ಕೂತು ಇಂಟರ್‌ನೆಟ್ ಬಳಸಿದರೆ 2011ರ ಸೈಬರ್ ಕೆಫೆ ನಿಯಮಗಳು ನಿಮ್ಮ ಅಂಗಡಿಗೂ ತಗಲುತ್ತವೆ. ಗುರುತಿನ ಚೀಟಿ ನೋಡಬೇಕು, ಲಾಗ್ ರಿಜಿಸ್ಟರ್ ಬರೆಯಬೇಕು, ನೋಡಿದ ತಾಣಗಳ ಹಿಸ್ಟರಿಯನ್ನ ಕನಿಷ್ಠ ಒಂದು ವರ್ಷ ಇಟ್ಟಿರಬೇಕು. ಗೆಸ್ಟ್ ಮೋಡ್ ಅದೇ ಹಿಸ್ಟರಿಯನ್ನ ಒರೆಸಿಹಾಕುತ್ತೆ. ಹಾಗಂತ ಮಾಮೂಲಿ ಪ್ರೊಫೈಲ್‌ಗೆ ಮರಳಬೇಡಿ, ಅಲ್ಲಿ ಹಿಸ್ಟರಿ ಮುಂದಿನ ಗಿರಾಕಿಗೂ ಕಾಣುತ್ತೆ. ಲಾಗ್ ಬ್ರೌಸರ್‌ನಲ್ಲಲ್ಲ, ಪ್ರಾಕ್ಸಿ ಸರ್ವರ್‌ನಲ್ಲಿ (ಕಂಪ್ಯೂಟರ್ ಮತ್ತು ಇಂಟರ್‌ನೆಟ್ ನಡುವೆ ಕೂರೋ ವ್ಯವಸ್ಥೆ) ಇರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ. ಕ್ಯಾಬಿನ್ ಮಾಡಿಸೋ ಯೋಚನೆ ಇದ್ದರೆ, ಅಡ್ಡಗೋಡೆ ನಾಲ್ಕೂವರೆ ಅಡಿ ಮೀರಬಾರದು.

ಎಂಟನೇ_ಕ್ರಾಸ್:
ಸ್ಟೋರೇಜ್ ಸೆನ್ಸ್ 1 ದಿನಕ್ಕೆ ಇಟ್ಟೆ ಮೇಷ್ಟ್ರೇ. ಎರಡು ದಿನ ಆದರೂ ಫೈಲ್ ಹಾಗೇ ಇವೆ?

ರಿಜಿಸ್ಟರ್_ಮೇಷ್ಟ್ರು:
ಅದೇ ಪುಟದಲ್ಲಿ ‘ರನ್ ಸ್ಟೋರೇಜ್ ಸೆನ್ಸ್’ ನೋಡಿ. ಡಿಸ್ಕ್ ತುಂಬುತ್ತಾ ಬಂದಾಗ ಮಾತ್ರ ಓಡು ಅಂತ ಇರುತ್ತೆ, ಅದನ್ನ ‘ಎವೆರಿ ಡೇ’ ಮಾಡಿ. ದಿನ ಎಣಿಸೋದು ಫೈಲ್ ಇಳಿಸಿದಾಗಿನಿಂದ ಅಲ್ಲ, ಕೊನೆಯ ಸಲ ತೆರೆದಾಗಿನಿಂದ. ರೀಸೈಕಲ್ ಬಿನ್‌ಗೂ 1 ದಿನವೇ ಇಡಿ. ಆಧಾರ್‌ನಂಥದ್ದನ್ನ ಅಲ್ಲೀತನಕ ಬಿಡಬೇಡಿ, ಗಿರಾಕಿ ಎದುರಿಗೇ ಶಿಫ್ಟ್ ಒತ್ತಿ ಹಿಡಿದು ಡಿಲೀಟ್ ಒತ್ತಿ.