ಮಗಳಿಗೆ ಖಾಸಗಿಯಾಗಿ ಆಟಿಸಂ ಅಸೆಸ್‌ಮೆಂಟ್: ದುಡ್ಡು ಕಟ್ಟುವ ಮೊದಲು ಏನೇನು ಕೇಳಬೇಕು?

ಅರ್ಧ ತುಂಬಿದ ಫಾರಂ (ಪ್ರಶ್ನೆ)

ಮಗಳಿಗೆ ಒಂಬತ್ತು ವರ್ಷ. ಶಾಲೆಯಿಂದ ಅವಳ ಮೇಲೆ ಇದುವರೆಗೆ ಒಂದು ದೂರೂ ಬಂದಿಲ್ಲ. ಆ ದೂರಿಲ್ಲದಿರುವುದೇ ಈಗ ನನ್ನ ತಲೆನೋವು.

ಹೋದ ತಿಂಗಳು ಬಚ್ಚಲುಮನೆಯ ಒಳಗಿನಿಂದ ಅವಳ ದನಿ ಕೇಳಿಸಿತು. ‘ಹೌದಾ!’ ಎಂದಳು. ಸ್ವಲ್ಪ ತಡೆದು ‘ಹೌದಾ?’ ಆಮೇಲೆ ಎಳೆದು ‘ಹೌ...ದಾ’. ಒಳಗೆ ಕನ್ನಡಿ ಬಿಟ್ಟರೆ ಯಾರೂ ಇಲ್ಲ. ಏನು ಮಾಡುತ್ತಿದ್ದೀಯೆ ಎಂದು ಕೇಳಿದೆ. ‘ಗೆಳತಿಯರು ಏನಾದರೂ ಹೇಳಿದಾಗ ಇದನ್ನು ಹೇಳಬೇಕಮ್ಮಾ. ಯಾವುದಕ್ಕೆ ಯಾವ ಹೌದಾ ಎನ್ನುವುದು ಮರೆತುಹೋಗುತ್ತದೆ’ ಎಂದಳು. ಮಗ್ಗಿ ಬಾಯಿಪಾಠ ಮಾಡುವಷ್ಟೇ ಸಹಜವಾಗಿ ಹೇಳಿದಳು, ಒಂದಿಷ್ಟೂ ಬೇಸರವಿರಲಿಲ್ಲ. ಬೇಸರವಾದದ್ದು ನನಗೆ.

ಶಾಲೆಯಿಂದ ಬಂದರೆ ಚೀಲ ಬಾಗಿಲಲ್ಲಿ, ಅವಳು ಮಂಚದ ಕೆಳಗೆ. ಮುಕ್ಕಾಲು ಗಂಟೆ ಅಲ್ಲೇ ಇರುತ್ತಾಳೆ. ಮಾತನಾಡಿಸಿದರೆ ಅಳು. ಟೀಚರ್ ಹತ್ತಿರ ಇದನ್ನು ಹೇಳಿದರೆ ‘ಇಲ್ಲಿ ಬಹಳ ಒಳ್ಳೆಯ ಹುಡುಗಿ’ ಎನ್ನುತ್ತಾರೆ. ಆಟಿಸಂ (ಬೇರೆಯವರೊಡನೆ ಬೆರೆಯುವ, ಮಾತನಾಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇರಬಹುದೇ ಎಂದು ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ಅವಳನ್ನು ಎರಡು ಪ್ರಶ್ನೆ ಕೇಳಿ, ‘ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುತ್ತಾಳಲ್ಲ, ಆಟಿಸಂ ಎಲ್ಲಿಂದ ಬಂತು?’ ಎಂದು ಹತ್ತು ನಿಮಿಷದಲ್ಲಿ ಕಳುಹಿಸಿಬಿಟ್ಟರು. ಹೊರಗೆ ಬಂದ ಮೇಲೆ ಮಗಳು ಹೇಳಿದ್ದು: ‘ನಾನು ಕಣ್ಣು ನೋಡಲಿಲ್ಲ. ಅವರ ಹುಬ್ಬುಗಳ ಮಧ್ಯೆ ಒಂದು ಮಚ್ಚೆ ಇದೆ, ಅದನ್ನು ನೋಡುತ್ತಿದ್ದೆ.’

ಸರ್ಕಾರಿ ವ್ಯವಸ್ಥೆಯಲ್ಲಿ ಸರದಿ ಬಹಳ ಉದ್ದವಿದೆ. ಆದ್ದರಿಂದ ಖಾಸಗಿಯಾಗಿ ಮಾಡಿಸುವ ಯೋಚನೆ. ಒಂದು ಕೇಂದ್ರದವರು ಪ್ರಶ್ನಾವಳಿಯ ಫಾರಂ ಕಳುಹಿಸಿದ್ದಾರೆ. ಅದು ಮೂರು ವಾರದಿಂದ ನನ್ನ ಡ್ರಾಯರಿನಲ್ಲಿದೆ. ತುಂಬಲು ಕುಳಿತೆ, ಪೆನ್ನು ತರಲು ಎದ್ದೆ, ಪೆನ್ನಿದ್ದ ಕಪಾಟನ್ನು ಪೂರ್ತಿ ಜೋಡಿಸಿದೆ, ಅಲ್ಲಿ ಸಿಕ್ಕಿದ ಹಳೆಯ ಪತ್ರಗಳನ್ನು ಓದಿದೆ, ರಾತ್ರಿಯಾಯಿತು. ‘ಆರಂಭಿಸಿದ ಕೆಲಸವನ್ನು ಮುಗಿಸುವುದಿಲ್ಲ’ ಎಂಬ ಸಾಲಿನ ಮುಂದೆ ಮಗಳ ಬಗ್ಗೆ ಗುರುತು ಹಾಕಬೇಕಿತ್ತು. ನಗು ಬಂತು, ಆಮೇಲೆ ಬರಲಿಲ್ಲ.

ಕೇಳಬೇಕಾದದ್ದು ಮೂರು. ಖಾಸಗಿಯವರು ಸರಿಯಾಗಿ ಮಾಡುತ್ತಾರೆ ಎಂದು ಮುಂಚಿತವಾಗಿಯೇ ತಿಳಿಯುವುದು ಹೇಗೆ? ಅವರ ವರದಿಯನ್ನು ಶಾಲೆ ಒಪ್ಪುತ್ತದೆಯೇ? ಮೂರನೆಯದು ಕೇಳಲು ನಾಚಿಕೆ: ನನಗೂ ಮಾಡಿಸಬೇಕೇ, ಮಾಡಿಸಿದರೆ ಯಾರಿಗೆ ಮೊದಲು?

ನಲವತ್ತಮೂರಕ್ಕೆ ಗೊತ್ತಾದವನು (ಉತ್ತರ)

ಮೂರನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಪೆನ್ನು ತರಲು ಹೋಗಿ ಕಪಾಟು ಜೋಡಿಸುವ ಜಾತಿ ನಮ್ಮದು. ನನಗೂ ಮಗನ ಫಾರಂ ತುಂಬುವಾಗಲೇ ಹೊಳೆದದ್ದು. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ಸ್ಥಿತಿ) ಎರಡೂ ಕುಟುಂಬದಲ್ಲಿ ಹರಿದು ಬರುವಂಥವು, ಹಾಗಾಗಿ ಮಕ್ಕಳ ಹಿಂದೆ ಅಪ್ಪನೋ ಅಮ್ಮನೋ ಸರದಿಯಲ್ಲಿ ನಿಲ್ಲುವುದು ಹೊಸದೇನಲ್ಲ. ನಾಚಿಕೆ ಬೇಡ.

ನನ್ನದು ಎಡಿಎಚ್‌ಡಿ. ಎರಡು ದಿನ ಕರೆದಿದ್ದರು, ಒಟ್ಟು ಮೂರೂವರೆ ಗಂಟೆ. ಮೊದಲ ಅರ್ಧ ಗಂಟೆ ನನ್ನ ನಿದ್ದೆ, ಥೈರಾಯ್ಡ್, ಆತಂಕ, ಖಿನ್ನತೆಯ ಬಗ್ಗೆಯೇ ಹೋಯಿತು. ನನಗೆ ಸಿಟ್ಟು ಬಂತು, ಇದಕ್ಕೇ ದುಡ್ಡು ಕೊಟ್ಟೆನೇ ಎಂದು. ನಿದ್ದೆಗೆಟ್ಟವನಿಗೂ ಗಮನ ನಿಲ್ಲುವುದಿಲ್ಲ, ಅದನ್ನು ಮೊದಲು ಬದಿಗೆ ಸರಿಸದಿದ್ದರೆ ಉಳಿದದ್ದೆಲ್ಲ ಊಹೆಯಾಗುತ್ತದೆ ಎಂದು ಈಗ ಅರ್ಥವಾಗಿದೆ.

ಅವರು ಹಿಡಿದು ಕುಳಿತದ್ದು ಬಾಲ್ಯವನ್ನು. ಡಿಎಸ್‌ಎಂ-5 ಎಂಬ ಮನೋವೈದ್ಯರ ಕೈಪಿಡಿಯ ಪ್ರಕಾರ ಹಲವು ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದಿರಬೇಕು, ಮನೆ, ಕೆಲಸ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಗಮನದ್ದೊಂದು, ಚಡಪಡಿಕೆಯದೊಂದು ಎಂದು ಒಂಬತ್ತೊಂಬತ್ತು ಲಕ್ಷಣಗಳ ಎರಡು ಪಟ್ಟಿ, ಹದಿನೇಳು ತುಂಬಿದವರಿಗೆ ಯಾವುದಾದರೊಂದರಲ್ಲಿ ಐದು ಸಾಕು, ಅದಕ್ಕಿಂತ ಚಿಕ್ಕವರಿಗೆ ಆರು. ನನಗೆ ನೆನಪೇ ಇಲ್ಲ ಎಂದೆ. ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ನಲವತ್ತು ನಿಮಿಷ ನನ್ನ ಮಾನ ಕಳೆದಳು. ಅಮ್ಮನ ಟ್ರಂಕಿನಲ್ಲಿ ಹಳೆಯ ಅಂಕಪಟ್ಟಿಗಳಿದ್ದವು. ಮೂರನೆಯ ತರಗತಿಯಿಂದ ಏಳರವರೆಗೆ ಬೇರೆ ಬೇರೆ ಮೇಷ್ಟರು, ಬೇರೆ ಬೇರೆ ಶಾಯಿ, ಷರಾ ಮಾತ್ರ ಒಂದೇ: ‘ಜಾಣ, ಆದರೆ ಗಮನವಿಲ್ಲ.’ ಅಸೆಸ್‌ಮೆಂಟ್ ಮಾಡಿದವರು ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದರು. ನಿಮ್ಮವೂ ಎಲ್ಲಾದರೂ ಇದ್ದರೆ ಈಗಲೇ ಹುಡುಕಿಡಿ. ಅಂದರೆ ಬೇರೆಯವರ ಕೈಯಲ್ಲಿ ಹುಡುಕಿಸಿ, ನೀವು ಹುಡುಕಿದರೆ ಮತ್ತೆ ಪತ್ರ ಓದುತ್ತೀರಿ.

ದೊಡ್ಡವರ ಎಡಿಎಚ್‌ಡಿಗೆ ಎಎಸ್‌ಆರ್‌ಎಸ್ ಎಂಬ ಆರು ಪ್ರಶ್ನೆಗಳ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದು ಜರಡಿ ಅಷ್ಟೇ. ಹೆಚ್ಚು ಅಂಕ ಬಂದರೆ ಹೋಗಿ ತೋರಿಸಿ ಎಂದರ್ಥ, ಇದೆ ಎಂದಲ್ಲ.

ಯಾರಿಗೆ ಮೊದಲು ಎಂದರೆ ಮಗಳಿಗೆ. ನಿಮ್ಮದು ಇಷ್ಟು ವರ್ಷ ಕಾದಿದೆ.

ಎರಡು ಸಲ ಕಟ್ಟಿದ ಅಪ್ಪ

ನಾನು ಮೋಸಹೋದ ಕಥೆ ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ.

ಒಂದು ಕಡೆ ಮಗನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಪರದೆಯ ಮೇಲೆ ಆಕೃತಿಗಳು ಬಂದುಹೋಗುತ್ತವೆ, ಅವನು ಗುಂಡಿ ಒತ್ತಬೇಕು, ಎದುರಿನ ಕ್ಯಾಮೆರಾ ಅವನು ಎಷ್ಟು ಅಲುಗಾಡುತ್ತಾನೆ ಎಂದು ಅಳೆಯುತ್ತದೆ. ಇಪ್ಪತ್ತು ನಿಮಿಷ. ಸಂಜೆಯ ಹೊತ್ತಿಗೆ ಎರಡು ಪುಟದ ವರದಿ ಕೈಗೆ ಬಂತು, ಬಣ್ಣಬಣ್ಣದ ಗ್ರಾಫ್‌ಗಳು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ, ಶಾಲೆಯನ್ನಂತೂ ಕೇಳಲೇ ಇಲ್ಲ. ಸಹಿ ಇತ್ತು, ಸಹಿಯ ಕೆಳಗೆ ಓದಿದ್ದೇನು ಎಂಬುದಿರಲಿಲ್ಲ. ಶಾಲೆಯವರು ನೋಡಿ ಪಕ್ಕಕ್ಕಿಟ್ಟರು. ಒಂದು ವರ್ಷದ ನಂತರ ಬೇರೆ ಕಡೆ ಮತ್ತೆ ದುಡ್ಡು ಕಟ್ಟಿ, ಎಲ್ಲ ಮೊದಲಿನಿಂದ.

ಎರಡನೆಯ ಸಲ ನಾನೇ ಅವರ ಸಂದರ್ಶನ ಮಾಡಿದೆ. ಯಾರು ನೋಡುತ್ತಾರೆ, ಅವರ ನೋಂದಣಿ ಎಲ್ಲಿದೆ, ಮಗನ ಜೊತೆ ಎಷ್ಟು ಹೊತ್ತು, ನಮ್ಮ ಜೊತೆ ಎಷ್ಟು ಹೊತ್ತು, ಶಾಲೆಗೆ ಪ್ರಶ್ನಾವಳಿ ಹೋಗುತ್ತದೆಯೇ, ವರದಿ ಕೊಟ್ಟ ಮೇಲೆ ಕೂತು ವಿವರಿಸುವುದು ಅದೇ ಶುಲ್ಕದಲ್ಲಿ ಸೇರಿದೆಯೇ. ಕೊನೆಗೆ ಒಂದು ಕೇಳಿದೆ: ‘ನಿಮ್ಮಲ್ಲಿ ಬಂದವರಿಗೆ ಇಲ್ಲ ಎಂದೂ ಹೇಳುತ್ತೀರಾ?’ ಮೊದಲಿನ ಜಾಗದವರು ಇದಕ್ಕೆ ‘ಚಿಂತೆ ಬೇಡ ಸರ್, ನಮ್ಮಲ್ಲಿ ಖಚಿತವಾಗಿ ಸಿಗುತ್ತದೆ’ ಎಂದಿದ್ದರು. ಆಗಲೇ ಎದ್ದು ಬರಬೇಕಿತ್ತು. ಎರಡನೆಯವರು ‘ಹೇಳುತ್ತೇವೆ, ಆಗ ಮತ್ತೇನಿರಬಹುದು ಎಂದೂ ಬರೆಯುತ್ತೇವೆ’ ಎಂದರು. ಅಲ್ಲಿ ಕಟ್ಟಿದೆ.

ಶಾಲೆ ಒಪ್ಪುತ್ತದೆಯೇ ಎನ್ನುವುದನ್ನು ಇಲ್ಲಿ ಕೇಳಬೇಡಿ, ಶಾಲೆಯನ್ನೇ ಕೇಳಿ. ಯಾರ ಸಹಿ ಬೇಕು, ವರದಿಯಲ್ಲಿ ಏನಿರಬೇಕು ಎಂದು ಬರೆದು ಕೇಳಿ, ಬರೆದೇ ಉತ್ತರ ಪಡೆಯಿರಿ. ಬಾಯಿಮಾತನ್ನು ನಂಬಿ ನಾನು ಕೆಟ್ಟೆ.

ಮೇಜಿನ ಆಚೆ ಬದಿ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮಕ್ಕಳ ಅಸೆಸ್‌ಮೆಂಟ್ ನನ್ನ ದಿನನಿತ್ಯದ ಕೆಲಸ. ಎಲ್ಲಿ ಎಂದು ಹೇಳುವುದಿಲ್ಲ, ಜಾಹೀರಾತಾಗುತ್ತದೆ.

ಮೇಲಿನ ಅಪ್ಪನವರ ಸಿಟ್ಟು ನ್ಯಾಯವೇ. ಒಂದು ತಿದ್ದುಪಡಿ ಮಾತ್ರ: ಆ ಕಂಪ್ಯೂಟರ್ ಪರೀಕ್ಷೆ ಸುಳ್ಳಲ್ಲ, ಅದೊಂದನ್ನೇ ನಂಬಿ ತೀರ್ಪು ಕೊಟ್ಟದ್ದು ತಪ್ಪು. ಆದರೆ ಮೆದುಳಿನ ಸ್ಕ್ಯಾನ್ ತೆಗೆದೋ ರಕ್ತ ಪರೀಕ್ಷಿಸಿಯೋ ಆಟಿಸಂ ಅಥವಾ ಎಡಿಎಚ್‌ಡಿ ಇದೆ ಎಂದು ಹೇಳುತ್ತೇವೆ ಎನ್ನುವವರು ಸಿಕ್ಕರೆ ಚಪ್ಪಲಿ ಹಾಕಿಕೊಂಡು ಹೊರಡಿ. ಬೇರೆ ಕಾಯಿಲೆಯ ಅನುಮಾನ ನಿವಾರಿಸಲು ಅವು ಬೇಕಾಗಬಹುದು, ಅಷ್ಟೇ.

ಆಟಿಸಂಗೆ ಎರಡು ಕಡೆಯಿಂದ ನೋಡುತ್ತೇವೆ. ಮಗುವಿನ ಜೊತೆ ಎಡಿಒಎಸ್-2 ಎಂಬ, ನೋಡಿ ಗಮನಿಸುವ ಪರೀಕ್ಷೆ, ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹೊರಗಿನಿಂದ ನೋಡಿದರೆ ಆಟ, ಹರಟೆ. ಮಾತಿಲ್ಲದ ಚಿತ್ರಪುಸ್ತಕ ಕೊಟ್ಟು ಕಥೆ ಹೇಳು ಎನ್ನುತ್ತೇವೆ, ಗೆಳೆತನ ಎಂದರೇನು ಎಂದು ಕೇಳುತ್ತೇವೆ. ಉತ್ತರ ಏನು ಎನ್ನುವುದಕ್ಕಿಂತ ಮಾತು ನಮ್ಮಿಬ್ಬರ ನಡುವೆ ಹೇಗೆ ಓಡಾಡುತ್ತದೆ ಎಂಬುದರ ಮೇಲೆ ನಮ್ಮ ಕಣ್ಣು. ಇನ್ನೊಂದು ಕಡೆ ತಂದೆತಾಯಿಯ ಜೊತೆ ಬೆಳವಣಿಗೆಯ ಚರಿತ್ರೆ. ಅದಕ್ಕೆ ಎಡಿಐ-ಆರ್ ಎಂಬ ಸಂದರ್ಶನ ಬಳಸಿದರೆ 93 ಅಂಶಗಳು, ಎರಡು ಗಂಟೆ ಸುಲಭವಾಗಿ ಹೋಗುತ್ತದೆ. ಕಿವಿ ಪರೀಕ್ಷೆ ಆಗಿರದಿದ್ದರೆ ಅದನ್ನೂ ಮಾಡಿಸಿ ಎನ್ನುತ್ತೇವೆ.

ಈಗ ‘ಹೌದಾ’ ವಿಷಯ. ಅದನ್ನು ದಯವಿಟ್ಟು ನೀವು ಇಲ್ಲಿ ಬರೆದ ಹಾಗೆಯೇ ಬರೆದು ಕೊಡಿ. ಹುಬ್ಬಿನ ಮಚ್ಚೆಯನ್ನೂ. ಹೆಣ್ಣುಮಕ್ಕಳಲ್ಲಿ ಇದನ್ನು ಬಹಳ ನೋಡುತ್ತೇವೆ, ಅವರು ನೋಡಿ ಕಲಿತು ಮುಚ್ಚಿಡುತ್ತಾರೆ, ಮನೆಗೆ ಬಂದು ಕುಸಿಯುತ್ತಾರೆ. ಕಲಿತ ಉಪಾಯಗಳಿಂದ ಲಕ್ಷಣಗಳು ಮರೆಯಾಗಿರಬಹುದು ಎಂದು ಡಿಎಸ್‌ಎಂ-5 ಕೂಡ ಒಪ್ಪುತ್ತದೆ. ಹೆಣ್ಣುಮಕ್ಕಳನ್ನು ನೋಡಿದ ಅನುಭವ ನಿಮಗೆಷ್ಟು ಎಂದು ಕೇಂದ್ರದವರನ್ನು ನೇರವಾಗಿ ಕೇಳಿ. ‘ಕಣ್ಣು ನೋಡುತ್ತಾಳಲ್ಲ’ ಎನ್ನುವವರು ನಿಮಗೆ ಆಗಲೇ ಒಬ್ಬರು ಸಿಕ್ಕಿದ್ದಾರೆ, ಇನ್ನೊಬ್ಬರು ಬೇಡ.

ಮತ್ತೊಂದು: ಆಟಿಸಂ ಇದ್ದರೆ ಎಡಿಎಚ್‌ಡಿ ಎನ್ನುವಂತಿಲ್ಲ ಎಂಬ ನಿಯಮ 2013ರಲ್ಲಿ, ಡಿಎಸ್‌ಎಂ-5 ಬಂದಾಗ, ಹೋಯಿತು. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಒಂದನ್ನೇ ನೋಡುವ ಪ್ಯಾಕೇಜಿಗಿಂತ ಎರಡನ್ನೂ ನೋಡಬಲ್ಲವರು ಮೇಲು. ಎಡಿಎಚ್‌ಡಿ ಎಂದು ತೀರ್ಮಾನವಾಗಿ ಔಷಧದ ಮಾತು ಬಂದರೆ ಹೆಚ್ಚಿನ ಕಡೆ ನನ್ನಂಥವರು ಬರೆದುಕೊಡುವಂತಿಲ್ಲ, ಮನೋವೈದ್ಯರು ಬೇಕು. ನಮ್ಮ ವರದಿಯ ಆಧಾರದ ಮೇಲೆ ಚಿಕಿತ್ಸೆ ಮುಂದುವರಿಸುವ ಮನೋವೈದ್ಯರು ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳದೆ ಎಷ್ಟೋ ಜನ ಅರ್ಧದಾರಿಯಲ್ಲಿ ನಿಲ್ಲುತ್ತಾರೆ.

ಸುಮ್ಮನೆ ಓದುವವರು

ಎಲ್ಲರೂ ಮಗುವಿಗೊಂದು ಹಣೆಪಟ್ಟಿ ಹಚ್ಚಲು ಇಷ್ಟು ಆತುರ ಏಕೆ? ನಮ್ಮ ಕಾಲದಲ್ಲಿ ಇಂಥವರನ್ನು ‘ಸ್ವಲ್ಪ ಸಂಕೋಚದ ಸ್ವಭಾವ’ ಎನ್ನುತ್ತಿದ್ದರು, ಅವರೂ ಬದುಕಿದರು.

ಪಟ್ಟಿ ಹಚ್ಚಿಕೊಂಡವಳು

ಹಣೆಪಟ್ಟಿ ನನಗೆ ಮೊದಲೂ ಇತ್ತು. ‘ಜಂಭದವಳು’, ‘ಮೂಡಿ’, ‘ಅತಿ ಸೂಕ್ಷ್ಮ’. ಮೂವತ್ತೊಂದನೆಯ ವರ್ಷದಲ್ಲಿ ಅವುಗಳ ಬದಲಿಗೆ ‘ಆಟಿಸಂ’ ಬಂತು. ನಾಲ್ಕರಲ್ಲಿ ನಿಜವಾದದ್ದು ಅದೊಂದೇ.

ಅಕ್ಕಾ, ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದದ್ದು ನಗುವನ್ನು. ನಮ್ಮಮ್ಮ ಬಾಗಿಲಾಚೆಯಿಂದ ಕೇಳಿಸಿಕೊಂಡಿದ್ದರೋ ಇಲ್ಲವೋ, ಒಂದು ದಿನವೂ ಕೇಳಲಿಲ್ಲ. ಅಸೆಸ್‌ಮೆಂಟ್‌ಗೆ ಕರೆದೊಯ್ಯುವ ಮೊದಲು ಮಗಳಿಗೆ ಏಕೆ ಹೋಗುತ್ತಿದ್ದೇವೆ ಎಂದು ಹೇಳಿ. ‘ಅಲ್ಲಿ ಅಭ್ಯಾಸ ಮಾಡಿಕೊಂಡು ಹೋಗಬೇಕಿಲ್ಲ’ ಎಂದೂ ಹೇಳಿ. ಹೇಳದಿದ್ದರೆ ಅವಳು ತಯಾರಾಗಿಯೇ ಬರುತ್ತಾಳೆ, ಆ ಒಂದು ಗಂಟೆ ಎಲ್ಲ ‘ಹೌದಾ’ಗಳೂ ಸರಿಯಾದ ಜಾಗದಲ್ಲಿ ಬೀಳುತ್ತವೆ. ವರದಿ ಬರುವವರೆಗೆ ಕಾಯಲೂ ಬೇಡಿ. ಮಂಚದ ಕೆಳಗಿನ ಮುಕ್ಕಾಲು ಗಂಟೆಗೆ ಯಾರ ಸಹಿಯೂ ಬೇಕಾಗಿಲ್ಲ, ಅಲ್ಲೊಂದು ದಿಂಬು ಹಾಕಿಡಿ.

ಅರ್ಧ ತುಂಬಿದ ಫಾರಂ

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ದಿಂಬು ಹಾಕಿದ ಮೊದಲ ದಿನ ಅವಳು ಅದನ್ನು ಹೊರಗೆ ತಳ್ಳಿದಳು. ಮರುದಿನ ತಾನೇ ಎಳೆದುಕೊಂಡಳು.

ನಿನ್ನೆ ಮೂರು ಕೇಂದ್ರಗಳಿಗೆ ಫೋನ್ ಮಾಡಿದೆ. ಒಂದು ಕಡೆ ಯಾರು ನೋಡುತ್ತಾರೆ ಎಂಬುದನ್ನೇ ‘ಬಂದ ಮೇಲೆ ತಿಳಿಸುತ್ತೇವೆ’ ಎಂದರು. ಇನ್ನೊಂದು ಕಡೆ ಆಟಿಸಂ ಮಾತ್ರ. ಮೂರನೆಯವರು ಎರಡನ್ನೂ ನೋಡುತ್ತಾರೆ, ಶಾಲೆಗೂ ಫಾರಂ ಕಳುಹಿಸುತ್ತಾರೆ, ‘ಇಲ್ಲ ಎಂದೂ ಹೇಳುತ್ತೀರಾ’ ಎಂದಾಗ ಆ ಹೆಣ್ಣುಮಗಳು ನಕ್ಕು ‘ಹೇಳಿದರೆ ಬೈಯುವವರೂ ಇದ್ದಾರೆ ಮೇಡಂ’ ಎಂದಳು. ಅಲ್ಲಿಗೇ ಹೋಗುತ್ತೇವೆ. ಐದು ವಾರದ ನಂತರ ದಿನ ಕೊಟ್ಟಿದ್ದಾರೆ. ಶಾಲೆಗೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಮಗಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಅವರು ಹೌದಾ ಎನ್ನುತ್ತಾರಾ?’ ಎಂದು ಕೇಳಿದಳು. ಎನ್ನಬಹುದು ಎಂದೆ. ‘ಹಾಗಾದರೆ ಯಾವ ಹೌದಾ ಎಂದು ನಾನು ಅವರನ್ನೇ ಕೇಳುತ್ತೇನೆ’ ಎಂದಳು.

ಫಾರಂ ಮುಗಿಯಿತು, ಕೊನೆಯ ಪುಟ ಬಿಟ್ಟು. ಮೊದಲ ಹೆಜ್ಜೆ ಇಟ್ಟದ್ದು ಯಾವ ತಿಂಗಳು ಎಂಬುದು ನೆನಪಿಲ್ಲ. ಅವಳ ಅಜ್ಜಿಯನ್ನು ಕೇಳಬೇಕು. ಜೊತೆಗೆ ನನ್ನ ಅಂಕಪಟ್ಟಿಗಳನ್ನೂ ಹುಡುಕಲು ಹೇಳುತ್ತೇನೆ, ಏಕೆ ಎಂದು ಮಾತ್ರ ಇನ್ನೂ ಹೇಳಿಲ್ಲ.