ಶಾಫ್ಟ್ ಮುಖದ ಪೆನ್ಸಿಲ್ ಗುರುತನ್ನ ಎಷ್ಟು ನಂಬಬಹುದು?

ಚಾಕ್‌ಪುಡಿ: ಅಮೆರಿಕದಲ್ಲಿ ಮಾಡಿದ ಹಳೇ ಕಸ್ಟಮ್ ಪೂಲ್ ಕ್ಯೂ (ಪೂಲ್ ಆಟದ ಕೋಲು) ಒಂದು ಮಾರಾಟಕ್ಕಿದೆ. ಒಂದು ಬಟ್ (ಕೈಯಲ್ಲಿ ಹಿಡಿಯುವ ಹಿಂಭಾಗ), ಎರಡು ಶಾಫ್ಟ್ (ಚೆಂಡಿಗೆ ಹೊಡೆಯುವ ಮುಂಭಾಗ). ಬಟ್‌ಗೆ ಕೂರುವ ಮುಖದ ಮೇಲೆ ಪೆನ್ಸಿಲ್‌ನಲ್ಲಿ ಒಂದಕ್ಕೆ "1 – 3.8", ಇನ್ನೊಂದಕ್ಕೆ "2 – 4.0" ಅಂತ ಬರೆದಿದೆ. ಎರಡೂ ಮೂಲ ಶಾಫ್ಟ್ ಅನ್ನೋದಕ್ಕೆ ಇದೇ ಪುರಾವೆ ಅಂತಾರೆ ಮಾರೋರು. ಒಪ್ಪಬಹುದಾ?

ಲೇತ್‌ಮನೆ: 1, 2 ಅಂದ್ರೆ ಶಾಫ್ಟ್‌ನ ಕ್ರಮಸಂಖ್ಯೆ. 3.8, 4.0 ತೂಕ, ಔನ್ಸ್‌ನಲ್ಲಿ. ಅಂದಾಜು 108 ಮತ್ತು 113 ಗ್ರಾಂ. ಗಟ್ಟಿ ಮೇಪಲ್ ಶಾಫ್ಟ್‌ಗೆ ಸಹಜವಾದ ತೂಕವೇ. ಬಟ್‌ನೊಳಗಿನ ತೂಕದ ಬೋಲ್ಟ್ ಆರಿಸೋಕೆ ಕ್ಯೂ ಮಾಡುವವರು ಹೀಗೆ ಬರೆದುಕೊಳ್ಳೋದುಂಟು. ಇದು ಕಾರ್ಖಾನೆಯ ಟಿಪ್ಪಣಿ, ಸಹಿಯಲ್ಲ.

ಕೊಡಿಯಾಲ್‌ಬೈಲು: ಸಹಿ ಅಲ್ಲ ನಿಜ ಮಾರಾಯ್ರೆ, ಆದ್ರೆ ಮೋಸ ಮಾಡುವವ "3.8" ಬರೀತಾನಾ? ಹೆಸರೇ ಬರೀತಾನೆ. ತಕ್ಕಡಿಗೆ ಹಾಕಿ ನೋಡಿ. ಬರೆದ ತೂಕವೇ ಬಂದ್ರೆ ಶಾಫ್ಟನ್ನು ಯಾರೂ ಸವೆಸಿಲ್ಲ ಅಂತ ಆಯ್ತಲ್ಲ.

ಲೇತ್‌ಮನೆ: ಆಗಲಿಲ್ಲ. ಟಿಪ್ (ಚೆಂಡಿಗೆ ತಾಗುವ ತುದಿ) ಕಡೆಯ 300 ಮಿ.ಮೀ. ಉದ್ದವನ್ನ 13ರಿಂದ 12.75 ಮಿ.ಮೀ.ಗೆ ಇಳಿಸಿದ್ರೂ ಹೋಗೋದು ಒಂದೂವರೆ ಘನ ಸೆಂ.ಮೀ. ಮರ, ಅಂದ್ರೆ ಹೆಚ್ಚುಕಮ್ಮಿ 1 ಗ್ರಾಂ. 0.1 ಔನ್ಸ್ ಅಂದ್ರೇನೇ 2.8 ಗ್ರಾಂ, ಆ ಲೆಕ್ಕದಲ್ಲಿ ಇದು ಕಾಣೋದೇ ಇಲ್ಲ. ಮೇಲಾಗಿ ಮರ ತೇವ ಹೀರುತ್ತೆ. ತೇವಾಂಶ ಶೇ. 6ರಿಂದ 10ಕ್ಕೆ ಏರಿದ್ರೆ 110 ಗ್ರಾಂ ಶಾಫ್ಟ್ ಸುಮಾರು 4 ಗ್ರಾಂ ಭಾರ ಆಗುತ್ತೆ. ಅರಿಜೋನದಲ್ಲಿ ತೂಗಿ ಬರೆದದ್ದನ್ನ ಮಂಗಳೂರಿನ ಆಷಾಢದಲ್ಲಿ ತಾಳೆ ನೋಡೋಕಾಗುತ್ತಾ? ಫೆರೂಲ್ (ಟಿಪ್ ಕೆಳಗಿನ ಬಳೆ), ಟಿಪ್ ಕೂರಿಸುವ ಮೊದಲು ತೂಗಿದ್ರೋ ಆಮೇಲೋ ಅನ್ನೋದೂ ಆ ಅಂಕಿಯಲ್ಲಿಲ್ಲ.

ಕೊಡಿಯಾಲ್‌ಬೈಲು: ಆಷಾಢದ ಮಾತು ಒಪ್ಪಿದೆ. ಹಾಗಂತ ಗುರುತಿಗೆ ಬೆಲೆಯೇ ಇಲ್ಲ ಅಂದ್ರೆ ಒಪ್ಪೋದಿಲ್ಲ.

ಹದಿಮೂರು_ಮಿಮೀ: ಬೆಲೆ ಇದೆ, ಆದ್ರೆ ಬೇರೆ ಕಾರಣಕ್ಕೆ. ಶಾಫ್ಟನ್ನು ಒಂದೇ ದಿನದಲ್ಲಿ ಕಡೆಯಲ್ಲ. ಒಂದಿಂಚು ದಪ್ಪದ ದಿಂಡಿನಿಂದ ಶುರು ಮಾಡಿ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಕಡೀತಾರೆ, ನಡುವೆ ಬಾಗಿದ್ದನ್ನ ಎಸೀತಾರೆ. ಆ ಹಂತಗಳಲ್ಲಿ ತುದಿಯ ಮೇಲೆ ಬರೆದ ತಾರೀಖು, ವ್ಯಾಸ ಎಲ್ಲಾ ಕಾಲರ್ (ಶಾಫ್ಟ್ ಬುಡದ ಪಟ್ಟಿ) ಕೂರಿಸಿ ಮುಖ ಸಮ ಮಾಡುವಾಗ ಲೇತ್ ಉಳಿಗೆ ಹೋಗಿಬಿಡುತ್ತೆ. ಈಗ ಕಾಣ್ತಿರೋದು ಮುಖ ಸಮ ಮಾಡಿದ ಮೇಲೆ ಬರೆದದ್ದು. ಜಾಯಿಂಟ್ (ಬಟ್, ಶಾಫ್ಟ್ ಸೇರುವ ಜಾಗ) ಸರಿಯಾಗಿ ಕೂರ್ತಿಲ್ಲ ಅಂತ ರಿಪೇರಿಯವರು ಮುಂದೆ 0.1 ಮಿ.ಮೀ. ತೆಗೆದ್ರೂ ಸಾಕು, ಬರಹ ಮಾಯ. ಅದಕ್ಕೇ ಮುಖ ಖಾಲಿ ಇದ್ದ ಮಾತ್ರಕ್ಕೆ ನಕಲಿ ಅನ್ನಬೇಡಿ. ಮುಖ ಬೆಳ್ಳಗಿದ್ದು ಬಟ್‌ನ ಪಿನ್ (ಎರಡನ್ನೂ ಜೋಡಿಸುವ ತಿರುಪು) ಹೋಗುವ ತೂತಿನ ಬಾಯಿ ಕಂದಾಗಿದ್ರೆ ಆಮೇಲೆ ಕೆತ್ತಿದ್ದಾರೆ ಅಂತ. ಮುಖ ಬೆಳ್ಳಗಿದ್ದು ಅದರ ಮೇಲೆ ಬರಹವೂ ಇದ್ರೆ? ಅದು ಕೆತ್ತಿದ ಮೇಲೆ ಬಂದ ಬರಹ, ಆಗ ಅನುಮಾನ ಪಡಿ.

ಚಾಕ್‌ಪುಡಿ: ಹಾಗಾದ್ರೆ ಮೂಲ ಶಾಫ್ಟ್ ಹೌದೋ ಅಲ್ಲವೋ ಅಂತ ಯಾವುದರಿಂದ ತೀರ್ಮಾನಿಸೋದು? ಪಿನ್ 3/8 ಇಂಚು ಅಂತಾರೆ. ಬೇರೊಂದು 3/8 ಶಾಫ್ಟ್ ಹಾಕಿದ್ರೆ ಎರಡು ಮೂರು ಸುತ್ತು ಹೋಗಿ ಬಿಗಿಯಾಯ್ತಂತೆ.

ಲೇತ್‌ಮನೆ: ಅಲ್ಲೇ ನಿಲ್ಲಿಸಕ್ಕೆ ಹೇಳಿ! 3/8 ಪಿನ್‌ನಲ್ಲಿ ಎರಡು ಬಗೆ: ಒಂದು 3/8-10, ಇನ್ನೊಂದು 3/8-11. ದಪ್ಪ ಎರಡಕ್ಕೂ 9.5 ಮಿ.ಮೀ., ಆದ್ರೆ ಇಂಚಿಗೆ ಥ್ರೆಡ್ 10 ಮತ್ತು 11. ಪ್ರತಿ ಸುತ್ತಿಗೂ 0.23 ಮಿ.ಮೀ. ವ್ಯತ್ಯಾಸ ಸೇರ್ತಾ ಹೋಗುತ್ತೆ. ಈ ಪಿನ್‌ಗಳಿಗೆ ಸಾಮಾನ್ಯವಾಗಿ ಶಾಫ್ಟ್‌ನ ಮರದಲ್ಲೇ ಥ್ರೆಡ್ ಕೊರೆದಿರ್ತಾರೆ, ಒತ್ತಿ ತಿರುಗಿಸಿದ್ರೆ ಥ್ರೆಡ್ ನುಜ್ಜುಗುಜ್ಜು. ಪಿನ್ ಮೇಲೆ ಥ್ರೆಡ್‌ನ ಮೊದಲನೇ ಏಣಿನಿಂದ ಹತ್ತನೆಯದಕ್ಕೆ ಕ್ಯಾಲಿಪರ್ ಹಿಡೀರಿ: 22.9 ಮಿ.ಮೀ. ಬಂದ್ರೆ 10, 20.8 ಬಂದ್ರೆ 11. ಸೌತ್‌ವೆಸ್ಟ್ ಅನ್ನೋ ಅಮೆರಿಕದ ಕಂಪನಿಯ ಕ್ಯೂಗಳ ಪಿನ್ ಈ 11ರದ್ದು.

ಹದಿಮೂರು_ಮಿಮೀ: ಆಮೇಲೆ ಎರಡೂ ಶಾಫ್ಟನ್ನ ಜಾಯಿಂಟ್‌ನಿಂದ 50, 100, 150 ಮಿ.ಮೀ. ದೂರದಲ್ಲಿ ಅಳೀರಿ. ಟಿಪ್ ಕಡೆ ಮರಳು ಕಾಗದ ಉಜ್ಜಿ ಉಜ್ಜಿ ಅಳತೆ ಕೆಟ್ಟಿರುತ್ತೆ, ಅತ್ತ ನೋಡಬೇಡಿ. ಬುಡದ ಕಡೆ ಅಷ್ಟಾಗಿ ಕೈ ಹೋಗಿರಲ್ಲ. ಅಲ್ಲಿ ಎರಡಕ್ಕೂ 0.1 ಮಿ.ಮೀ. ಒಳಗೆ ತಾಳೆ ಬಂದು, ಕಾಲರ್ ಉಂಗುರದ ಅಗಲ, ಬಣ್ಣ ಬಟ್‌ನ ಉಂಗುರಕ್ಕೆ ಹೊಂದಿದ್ರೆ, ಅದು ಯಾವ ಪೆನ್ಸಿಲ್‌ಗಿಂತಲೂ ಗಟ್ಟಿ ಸಾಕ್ಷಿ. ಒಂದೇ ತೊಂದರೆ: ಬಟ್ ಕಳಿಸಿಕೊಟ್ರೆ ಒಳ್ಳೇ ಕುಶಲಕರ್ಮಿ ಉಂಗುರವನ್ನೂ ಹಾಗೇ ಮಾಡಿಕೊಡ್ತಾನೆ.

ಕೊಡಿಯಾಲ್‌ಬೈಲು: ಅದನ್ನೇ ನಾನು ಹೇಳೋದು, ಉಂಗುರವೂ ಪೂರ್ತಿ ಸಾಕ್ಷಿ ಅಲ್ಲ. ಬಟ್‌ನಲ್ಲಿ ಒಂದು ಸಂಖ್ಯೆ ಇದ್ದು ಶಾಫ್ಟ್‌ನಲ್ಲೂ ಅದೇ ಇದ್ರೆ ಮಾತ್ರ ನಾನು ಹೆಚ್ಚು ದುಡ್ಡು ಕೊಟ್ಟೇನು.

ಲೇತ್‌ಮನೆ: ಸಂಖ್ಯೆಯನ್ನೇ ನೆಚ್ಚಿಕೊಂಡ್ರೆ ಹಳೇ ದೊಡ್ಡ ಹೆಸರುಗಳನ್ನ ಏನ್ಮಾಡ್ತೀರಿ? ಬ್ರೂಕ್ಲಿನ್‌ನ ಜಾರ್ಜ್ ಬಾಲಬುಷ್ಕಾ 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಕ್ಯೂ ಮಾಡಿದ್ರು. ಬಟ್‌ನ ಮುಂಭಾಗಕ್ಕೆ ಬರ್ಟನ್ ಸ್ಪೇನ್, ಗಸ್ ಜಂಬೋಟಿ ಮಾಡಿದ ಮರವನ್ನೂ ಬಳಸಿದ್ರು. ಅಂಥ ಕ್ಯೂಗೆ ಇಡೀ ಕಟ್ಟುವಿಕೆ ನೋಡಬೇಕು. ಅವರ ಸ್ಟೀಲ್ ಜಾಯಿಂಟ್‌ಗಳಲ್ಲಿ 5/16-14 ಪಿನ್ ಇರುತ್ತೆ. "ಜಿ.ಬಿ." ಅಂತ ಬರೆದ 3/8-10 ಶಾಫ್ಟ್ ತಂದು ಅವರದ್ದೇ ಅಂದ್ರೆ ಬರಹಕ್ಕಿಂತ ಥ್ರೆಡ್‌ನ ಮಾತು ಕೇಳೋದು ವಾಸಿ.

ಹದಿಮೂರು_ಮಿಮೀ: ಫೆರೂಲ್ ದಂತದ್ದಾ ಅಂತಲೂ ಕೇಳಿ. ಟಿಪ್ ತೆಗೆದಾಗ ತುದಿಯಲ್ಲಿ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳು ಕಂಡ್ರೆ ಆನೆದಂತ. ಅದನ್ನ ಬೆಂಗಳೂರಿಗೆ ತರಿಸೋ ಯೋಚನೆ ಇದ್ರೆ ಬಿಡಿ, ಕಾನೂನಿನ ತಂಟೆ.

ಚಾಕ್‌ಪುಡಿ: ಸರಿ. ಬುಡದ ಮೂರು ಅಳತೆ, ಪಿನ್‌ನ ಹತ್ತು ಏಣು, ಎರಡೂ ಮುಖದ ಹತ್ತಿರದ ಫೋಟೊ ಕೇಳ್ತೀನಿ. ಕಳಿಸೋ ಮುಂಚೆ ಒರೆಸಿ ಸ್ವಚ್ಛ ಮಾಡ್ತೀನಿ ಅಂತಿದ್ರು.

ಲೇತ್‌ಮನೆ: ಮುಖವನ್ನ ಮುಟ್ಟಲೇಬೇಡಿ ಅನ್ನಿ. ಸ್ಪಿರಿಟ್ ಹಾಕಿ ಉಜ್ಜಿದ್ರೆ ಬರಹ ಮಸುಕಾಗುತ್ತೆ, ಮರಳು ಕಾಗದ ತಾಗಿಸಿದ್ರೆ ಅಂಚು ದುಂಡಗಾಗಿ ಜಾಯಿಂಟ್ ಸೇರುವ ಕಡೆ ಸಂದು ಬೀಳುತ್ತೆ.